ಕೆಂಡಣ್ಣನ ಬೋಟಿನ ರೇಡಿಯೊ

ಕೆಂಡಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಬೋಟಿನ ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು. ಬಂದರಿನಲ್ಲಿ ಎಲ್ಲರೂ ಅವನನ್ನು ಎದುರಿಗೆ ‘ಯಜಮಾನರೇ’ ಎಂದೂ ಬೆನ್ನ ಹಿಂದೆ ‘ಕೆಂಡಣ್ಣ’ ಎಂದೂ ಕರೆಯುತ್ತಿದ್ದರು. ಬೆನ್ನ ಹಿಂದಿನ ಹೆಸರು ಅವನಿಗೆ ಗೊತ್ತಿತ್ತು, ಅದಕ್ಕೂ ಅವನಿಗೆ ಕೋಪವಿತ್ತು. ಮಂಜುಗಡ್ಡೆ ಸರಿಯಾಗಿ ಪುಡಿಯಾಗದಿದ್ದರೆ ಕೋಪ, ಹಗ್ಗ ಸುತ್ತಿಟ್ಟ ರೀತಿ ಹಿಡಿಸದಿದ್ದರೆ ಕೋಪ, ಗಾಳಿ ತನ್ನನ್ನು ಕೇಳದೆ ದಿಕ್ಕು ಬದಲಿಸಿದರೆ ಗಾಳಿಯ ಮೇಲೂ ಕೋಪ. ನಲವತ್ತು ವರ್ಷ ಸಮುದ್ರದ ಮೇಲೆ ಕೂಗಾಡಿದ ಮನುಷ್ಯ. ಎರಡು ವರ್ಷದ ಹಿಂದೆ ಎಡ ಮೊಣಕಾಲು ಕೈಕೊಟ್ಟ ಮೇಲೆ ಬೋಟನ್ನು ಅಳಿಯನಿಗೆ ಒಪ್ಪಿಸಿ ದಡದಲ್ಲಿ ಕೂತ. ಅಂದಿನಿಂದ ಅಷ್ಟೂ ಕೂಗಾಟವನ್ನು ಮೂರು ಕೋಣೆಯ ಮನೆಯೊಂದೇ ತಡೆದುಕೊಳ್ಳಬೇಕಾಗಿತ್ತು.

ಆ ಮಧ್ಯಾಹ್ನ ಆ ಮನೆಯ ಊಟದ ಮೇಜಿನ ಮೇಲೆ ಬೋಟಿನ ರೇಡಿಯೊ ಕೂತಿತ್ತು. ಇಟ್ಟಿಗೆ ಗಾತ್ರದ ಕಪ್ಪು ಪೆಟ್ಟಿಗೆ. ಉಪ್ಪುಗಾಳಿಗೆ ಅದರ ಮೂಲೆಗಳೆಲ್ಲ ಬೆಳ್ಳಗಾಗಿದ್ದವು. ಚಾನೆಲ್ ಬದಲಿಸುವ ಗುಂಡಿ ಎಂದೋ ಕಳೆದುಹೋಗಿ, ಅದರ ಜಾಗದಲ್ಲಿ ಟೂತ್‌ಪೇಸ್ಟಿನ ಮುಚ್ಚಳ ಬಂದು ಸೇರಿತ್ತು. ಮೈಕಿನ ಸುರುಳಿ ವೈರು ಸಡಿಲವಾಗಿ ಮೇಜಿನಿಂದ ಕೆಳಗೆ ನೇತಾಡುತ್ತಿತ್ತು. ಮೇಜಿನ ಒಂದು ಬದಿಗೆ ಕೆಂಡಣ್ಣ, ಎದುರಿಗೆ ಮಗಳು. ಅಳಿಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ತನ್ನ ಉಗುರುಗಳನ್ನೇ ನೋಡಿಕೊಳ್ಳುತ್ತಿದ್ದ.

“ಹೊಸದು ತರ್ಬೇಕು,” ಎಂದಳು ಮಗಳು. “ಇವತ್ತೇ.”

“ರಿಪೇರಿ ಮಾಡಿಸ್ತೀನಿ.”

“ಅಪ್ಪ, ಏಳು ಗಂಟೆ ಹೊತ್ತು ಅವರು—”

“ಸೆಟ್ಟಿಗೆ ಏನೂ ಆಗಿಲ್ಲ!” ಕೆಂಡಣ್ಣ ಮೇಜು ಗುದ್ದಿದ. “ಹದಿನೆಂಟು ವರ್ಷ ನನ್ನ ಜೊತೆ ಇತ್ತು. ಒಂದೇ ಒಂದು ದಿನ ಬಾಯಿ ಕಟ್ಟಿರ್ಲಿಲ್ಲ. ನಿನ್ನ ಗಂಡನ ಕೈಗೆ ಬಂದ್ಮೇಲೆ ಕಟ್ಟಿತು ಅಂದ್ರೆ, ತಪ್ಪು ಸೆಟ್ಟಿಂದಾ?”

ಮೂರು ದಿನದ ಹಿಂದೆ ನಡೆದದ್ದು ಇಷ್ಟು. ಈ ವರ್ಷ ಮೀನು ದಡ ಬಿಟ್ಟು ದೂರ ಸರಿದಿತ್ತು. ಹಾಗಾಗಿ ಅಳಿಯನೂ ಇಬ್ಬರು ಆಳುಗಳ ಜೊತೆ ಹನ್ನೆರಡು ಮೈಲಿ ದೂರ ಹೋದ. ಬೆಳಿಗ್ಗೆ ಒಂಬತ್ತಕ್ಕೆ ಯಾರದೋ ಹರಿದ ಬಲೆ ಪ್ರೊಪೆಲ್ಲರಿಗೆ ಸುತ್ತಿಕೊಂಡು ಇಂಜಿನ್ ನಿಂತುಹೋಯಿತು. ಗಾಳಿ ಬೋಟನ್ನು ಬಂಡೆಗಳ ಸಾಲಿನ ಕಡೆ ತಳ್ಳತೊಡಗಿತು. ಲಂಗರು ನೆಲ ಹಿಡಿಯಲಿಲ್ಲ, ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ರೇಡಿಯೊದಲ್ಲಿ ಕರೆದ. ಯಾರೂ ಓಗೊಡಲಿಲ್ಲ. ವಿಚಿತ್ರವೆಂದರೆ ಉಳಿದ ಬೋಟಿನವರು ಡೀಸೆಲ್ ಬಗ್ಗೆ, ಹವೆಯ ಬಗ್ಗೆ ಆಡುವ ಹರಟೆಯೆಲ್ಲ ಅವನಿಗೆ ಪಕ್ಕದಲ್ಲೇ ಕೂತು ಆಡಿದಷ್ಟು ಚೆನ್ನಾಗಿ ಕೇಳುತ್ತಿತ್ತು.

ಹನ್ನೊಂದಕ್ಕೆ ಮರಳಬೇಕಾದ ಬೋಟು ಹನ್ನೆರಡಾದರೂ ಕಾಣದಿದ್ದಾಗ ಮಗಳು ಐಸ್ ಫ್ಯಾಕ್ಟರಿಯ ಕೆಲಸ ಅರ್ಧಕ್ಕೆ ಬಿಟ್ಟು ಮೀನುಗಾರರ ಸಂಘದ ಕಚೇರಿಗೆ ಓಡಿದಳು. ಅಲ್ಲಿನ ರೇಡಿಯೊದ ಮೈಕು ಹಿಡಿದು ಗಂಡನನ್ನು ಕರೆದಳು. ನಾಲ್ಕು ಗಂಟೆ ಹೊತ್ತು ಕರೆದಳು. ಅವಳ ಒಂದೊಂದು ಮಾತೂ ಅವನಿಗೆ ಕೇಳಿಸುತ್ತಿತ್ತು, ಅವನು ಕೊಟ್ಟ ಒಂದು ಉತ್ತರವೂ ಅವಳಿಗೆ ಮುಟ್ಟಲಿಲ್ಲ. ಎರಡು ಬೋಟುಗಳು ಹುಡುಕಲು ಹೋದವು, ಆದರೆ ಎಲ್ಲಿ ಅಂತ ಹುಡುಕುವುದು? ಸಂಜೆ ನಾಲ್ಕಕ್ಕೆ, ಬಂಡೆಗೆ ಇನ್ನು ಅರ್ಧ ಮೈಲಿ ಉಳಿದಿದ್ದಾಗ, ದಡಕ್ಕೆ ಮರಳುತ್ತಿದ್ದ ಬೋಟೊಂದು ಹತ್ತಿರದಲ್ಲಿ ಹಾದುಹೋಯಿತು. ಆಗ ಮಾತ್ರ ಅವನ ದನಿ ಯಾರಿಗೋ ಕೇಳಿಸಿತು. ಅವರು ಹಗ್ಗ ಕಟ್ಟಿ ಎಳೆದು ತಂದರು.

ಬದುಕಿ ಬಂದವನಿಗೆ ಮಾವನಿಂದ ಸಿಕ್ಕ ಸ್ವಾಗತ ಬೈಗುಳ. “ನೀನು ಮಾತಾಡೋದು ಬೋಟಿನ ಆ ತುದಿಗೇ ಕೇಳಲ್ಲ! ಬಾಯಲ್ಲಿ ನೀರು ತುಂಬ್ಕೊಂಡವನ ಹಾಗೆ ಗೊಣಗ್ತೀಯ. ಮೈಕು ಹಿಡಿದ್ಮೇಲೆ ಎದೆ ತುಂಬಿ ಕೂಗ್ಬೇಕು, ನನ್ನ ಹಾಗೆ!” ರೇಡಿಯೊಗೆ ಕೂಗು ಬೇಕಿಲ್ಲ, ಪಿಸುಗುಟ್ಟಿದರೂ ಅದು ಒಯ್ಯುವಷ್ಟು ದೂರ ಒಯ್ಯುತ್ತದೆ ಎಂದು ಬಂದರಿನ ಬೆಕ್ಕಿಗೂ ಗೊತ್ತು. ಕೆಂಡಣ್ಣನಿಗೂ ಗೊತ್ತಿತ್ತು. ಆದರೆ ಸಿಟ್ಟು ನೆತ್ತಿಗೇರಿತೆಂದರೆ ಅವನಿಗೆ ಗೊತ್ತಿದ್ದದ್ದೆಲ್ಲ ಮರೆತುಹೋಗುತ್ತಿತ್ತು.

ಅಳಿಯ ಸ್ವಭಾವದಲ್ಲೂ ಮೆತ್ತಗೆ, ಮಾತಿನಲ್ಲೂ ಮೆತ್ತಗೆ. ಎಂಟು ವರ್ಷ ಇದೇ ಬೋಟಿನಲ್ಲಿ ಆಳಾಗಿದ್ದು ಆಮೇಲೆ ಅಳಿಯನಾದವನು. ಆ ಎಂಟು ವರ್ಷದಲ್ಲಿ ಅವನು ಮೈಕನ್ನು ಮುಟ್ಟಿದ್ದಿಲ್ಲ. ಕೆಂಡಣ್ಣ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಈಗ ಬಾಗಿಲಲ್ಲಿ ನಿಂತು, “ಮಾವ ಹೇಳೋದು ಸರಿ ಇರ್ಬಹುದು. ನನ್ನ ದನಿ ಸಾಲದಾಯ್ತೇನೋ,” ಎಂದ.

“ನೀವು ಸುಮ್ನಿರಿ,” ಎಂದಳು ಹೆಂಡತಿ. ಅಪ್ಪನ ಕಡೆ ತಿರುಗಿದಳು. “ಹೊಸದು ಬರೋವರೆಗೆ ಅವರು ಸಮುದ್ರಕ್ಕೆ ಹೋಗಲ್ಲ.”

“ನನ್ನ ಬೋಟು! ನನ್ನ ಸೆಟ್ಟು!”

“ನನ್ನ ಗಂಡ.”

ಕೆಂಡಣ್ಣ ಸೆಟ್ಟನ್ನು ತನ್ನ ಕಡೆಗೆ ಎಳೆದುಕೊಂಡ. ಅವನಿಗೆ ಇನ್ನಷ್ಟು ಉರಿಯಿತು. ಹೊಸದನ್ನು ಕೊಳ್ಳಲು ಕೈಯಲ್ಲಿ ಆಗುತ್ತಿರಲಿಲ್ಲ ಎಂದೇನಲ್ಲ. ಹೊಸದು ತಂದರೆ, ಹಳೆಯದು ಕೆಟ್ಟಿತ್ತು ಎಂದು ಒಪ್ಪಿಕೊಂಡ ಹಾಗೆ. ಅದು ಕೆಟ್ಟಿತ್ತು ಎಂದರೆ, ಕೆಟ್ಟ ಸೆಟ್ಟನ್ನು ಕೊಟ್ಟು ಅಳಿಯನನ್ನು ಸಮುದ್ರಕ್ಕೆ ಕಳಿಸಿದವನು ತಾನೇ ಎಂದು ಒಪ್ಪಿಕೊಂಡ ಹಾಗೆ. ಹೀಗೆ ಬಿಡಿಸಿ ಅವನು ಯೋಚಿಸಿರಲಿಲ್ಲ, ಬಿಡಿಸಿ ಯೋಚಿಸುವುದು ಅವನ ಅಭ್ಯಾಸವಲ್ಲ. ಎದೆಯಲ್ಲಿ ಏನೋ ಚುಚ್ಚುತ್ತಿತ್ತು, ಚುಚ್ಚಿದರೆ ಅವನು ಕೂಗುತ್ತಿದ್ದ.

“ಸರಿ,” ಎಂದಳು ಮಗಳು. “ಹೋಗು, ರಿಪೇರಿ ಮಾಡಿಸ್ಕೊಂಡು ಬಾ. ಆದ್ರೆ ಯಾಕೆ ಕೆಟ್ಟಿತ್ತು ಅಂತ ಸಂಜೆಯೊಳಗೆ ನನಗೆ ಹೇಳ್ಬೇಕು. ಹೇಳಿದ್ರೆ ಅದನ್ನೇ ಬೋಟಿಗೆ ಹಾಕೋಣ. ‘ಏನೂ ಆಗಿಲ್ಲ, ಎರಡು ಗುದ್ದು ಕೊಟ್ಟೆ, ಸರಿ ಹೋಯ್ತು’ ಅಂತ ಬಂದ್ರೆ ಮಾತ್ರ ಒಪ್ಪಲ್ಲ.”

ಕೆಂಡಣ್ಣ ಸೆಟ್ಟನ್ನು ಚೀಲಕ್ಕೆ ತುರುಕಿ, ಬಾಗಿಲು ದಢಾರನೆ ಎಳೆದುಕೊಂಡು ಹೊರಟ.

ಬೀದಿಯ ತುದಿಯಲ್ಲಿ ರೇಡಿಯೊ ಮಾರುವ, ಗಾಜಿನ ಬಾಗಿಲಿನ ಹೊಸ ಅಂಗಡಿಯೊಂದಿತ್ತು. ಅಲ್ಲಿಗೆ ಹೋಗುವ ಉದ್ದೇಶ ಅವನಿಗಿರಲಿಲ್ಲ. ಕೆಟ್ಟಿಲ್ಲ ಎಂದು ಯಾರ ಬಾಯಿಂದಲಾದರೂ ಕೇಳಬೇಕಿತ್ತು, ಅದಕ್ಕೆ ನುಗ್ಗಿದ. ಇಸ್ತ್ರಿ ಮಾಡಿದ ಅಂಗಿಯ ಮಾರಾಟದವನು ಚೀಲದೊಳಗೆ ಇಣುಕಿ ನೋಡಿ, ಕೈ ಹಾಕದೆ ಹಿಂದೆ ಸರಿದ.

“ಇದರ ಕಾಲ ಮುಗೀತು ಸರ್. ಬಿಸಾಕಿ ಹೊಸದು ತಗೊಳ್ಳಿ.”

“ಮುಚ್ಚಳ ಬಿಚ್ಚದೆ ಅದರ ಕಾಲ ನಿನಗೆ ಹೇಗೆ ಗೊತ್ತಾಯ್ತು?”

“ಈ ಮಾಡೆಲ್ ಈಗ ಬರಲ್ಲ ಸರ್.”

“ನನ್ನ ಮಾಡೆಲೂ ಈಗ ಬರಲ್ಲ! ನನ್ನನ್ನೂ ಬಿಸಾಕ್ತೀಯಾ?”

ಮಾರಾಟದವನ ಮುಖದಲ್ಲಿ ‘ಹೌದು’ ಎಂಬ ಉತ್ತರ ಇದ್ದ ಹಾಗಿತ್ತು. ಕೆಂಡಣ್ಣ ಗಾಜಿನ ಬಾಗಿಲನ್ನೂ ದಢಾರನೆ ಎಳೆಯಲು ನೋಡಿದ. ಅದು ತಾನಾಗಿ ಮೆಲ್ಲಗೆ ಮುಚ್ಚಿಕೊಳ್ಳುವ ಬಾಗಿಲು. ಎಳೆದಷ್ಟೂ ಅದು ತನ್ನ ಪಾಡಿಗೆ ನಿಧಾನವಾಗಿಯೇ ಬಂತು. ಅಂಗಡಿಯವರೆಲ್ಲ ನೋಡುತ್ತಿರುವಾಗ ಒಂದು ಬಾಗಿಲು ಮುಚ್ಚುವುದನ್ನು ಕಾಯುತ್ತ ನಿಲ್ಲಬೇಕಾಯಿತಲ್ಲ ಎಂದು ಅವನ ಮೈಯೆಲ್ಲ ಉರಿದುಹೋಯಿತು.

ಬಲೆ ಹೆಣೆಯುವ ಶೆಡ್ಡಿನ ಹಿಂದಿನ ಓಣಿಯಲ್ಲಿ, ಬೋಟುಗಳ ರೇಡಿಯೊ ರಿಪೇರಿ ಮಾಡುವ ರೇಡಿಯೊ ಅಕ್ಕನ ಕೋಣೆ. ಒಂದು ಕಿಟಕಿ, ಒಂದು ಉದ್ದದ ಮೇಜು, ಗೋಡೆ ತುಂಬ ತಿರುಪುಗಳ ಡಬ್ಬಿಗಳು, ಬೆಸುಗೆ ಹಾಕಿದ ಹೊಗೆಯ ವಾಸನೆ. ಮೊದಲು ಇಲ್ಲಿ ಅವಳ ಅಪ್ಪ ಕೂರುತ್ತಿದ್ದ. ಅವನು ಸತ್ತ ನಾಲ್ಕು ವರ್ಷದಿಂದ ಅವಳು ಕೂರುತ್ತಿದ್ದಾಳೆ, ಅದೇ ಕುರ್ಚಿಯಲ್ಲಿ, ಅಪ್ಪನ ಹಾಗೆಯೇ ಕನ್ನಡಕವನ್ನು ಹಣೆಗೆ ಏರಿಸಿಕೊಂಡು. ಬಂದರಿನಲ್ಲಿ ಕೆಂಡಣ್ಣನಿಗೆ ಹೆದರದವರು ಇಬ್ಬರೇ. ಒಬ್ಬಳು ಅವನ ಮಗಳು, ಇನ್ನೊಬ್ಬಳು ಇವಳು.

“ಏನ್ ಯಜಮಾನ್ರೇ, ಓಣಿಗೆ ಕಾಲಿಡೋ ಮೊದ್ಲೇ ನಿಮ್ಮ ಬೈಗುಳ ಬಂದು ತಲುಪ್ತು?”

“ಸೆಟ್ಟು ನೋಡಮ್ಮ. ಏನೂ ಆಗಿಲ್ಲ ಅಂತ ಒಂದು ಮಾತು ಹೇಳು, ಸಾಕು.”

“ನೋಡಿದ್ಮೇಲೆ ಹೇಳ್ತೀನಿ.”

ಅವಳು ಸೆಟ್ಟಿಗೆ ಬ್ಯಾಟರಿ ಕೊಟ್ಟಳು. ಪರದೆ ಬೆಳಗಿತು, ಬಂದರಿನ ಹರಟೆ ಗರಗರನೆ ಕೋಣೆ ತುಂಬಿತು. “ಕೇಳೋದು ಚೆನ್ನಾಗೇ ಕೇಳುತ್ತೆ,” ಎಂದಳು. ಆಮೇಲೆ ಆಂಟೆನಾದ ಜಾಗಕ್ಕೆ ಮುಳ್ಳಿನ ಮೀಟರೊಂದನ್ನು ಸಿಕ್ಕಿಸಿದಳು. ಸೆಟ್ಟಿನಿಂದ ಎಷ್ಟು ಜೋರು ಹೊರಗೆ ಹೋಗುತ್ತದೆ ಎಂದು ಅದು ತೋರಿಸುತ್ತದೆ. ಮೈಕಿನ ಗುಂಡಿ ಒತ್ತಿದಳು. ಪರದೆಯ ಮೇಲೆ ಪೂರ್ತಿ ಪವರ್ ಎಂದು ದೀಪ ಉರಿಯುತ್ತಿತ್ತು. ಮೀಟರಿನ ಮುಳ್ಳು ಮಾತ್ರ ಕೂತಲ್ಲಿಂದ ಒಂದಿಷ್ಟು ಅಲುಗಿ ಅಲ್ಲೇ ನಿಂತಿತು.

“ಇಪ್ಪತ್ತೈದು ವ್ಯಾಟ್ ಬರ್ಬೇಕು. ಒಂದೇ ಒಂದು ಬರ್ತಿದೆ,” ಎಂದು ಅವಳು ಹುಬ್ಬು ಗಂಟಿಕ್ಕಿದಳು. “ಇದ್ರಲ್ಲಿ ಕೂಗಿದ್ರೆ ಸುತ್ತಮುತ್ತ ಒಂದೆರಡು ಮೈಲಿಗೆ ಕೇಳ್ಬಹುದು. ಅಷ್ಟೇ.”

ತಿರುಪು ಬಿಚ್ಚಿ ಮುಚ್ಚಳ ತೆಗೆದಳು. ಕೆಂಡಣ್ಣ ಬಗ್ಗಿ ನೋಡಿದ. ಒಳಗೆ ತುಕ್ಕಿಲ್ಲ, ಸುಟ್ಟ ಕಲೆಯಿಲ್ಲ. ಎರಡು ಬಿಂದುಗಳ ನಡುವೆ ಮಾತ್ರ ಬೆಂಕಿಕಡ್ಡಿಯಷ್ಟುದ್ದದ ಒಂದು ವೈರು ಇತ್ತು, ಹಸಿರು ಕೊಳವೆ ತೊಡಿಸಿ ಅಚ್ಚುಕಟ್ಟಾಗಿ ಬೆಸೆದದ್ದು. ರೇಡಿಯೊ ಅಕ್ಕ ಅದನ್ನೇ ಸ್ವಲ್ಪ ಹೊತ್ತು ನೋಡಿದಳು.

“ಇದು ನಮ್ಮಪ್ಪನ ಕೈ,” ಎಂದಳು. “ಹಸಿರು ಕೊಳವೆ ಅವ್ರು ಬಿಟ್ರೆ ಇನ್ಯಾರೂ ಹಾಕ್ತಿರ್ಲಿಲ್ಲ.”

ಅವಳ ಅಪ್ಪನಿಗೆ ಒಂದು ಅಭ್ಯಾಸವಿತ್ತು. ಯಾವ ಸೆಟ್ಟು ಬಿಚ್ಚಿದರೂ, ಮಾಡಿದ್ದೇನು ಎಂದು ಮುಚ್ಚಳದ ಒಳಮೈಗೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದ. ಅವಳು ಮುಚ್ಚಳ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು.

“‘ಬೋಟಿನ ಯಜಮಾನರು ಹೇಳಿದ್ದರಿಂದ ಪವರ್ ಕಡಿಮೆಗೆ ಕಟ್ಟಿದೆ. ಇಂಥದ್ದು ಇದು ಐದನೆಯದು, ಇದೇ ಕೊನೆ. ಬೇಡವೆಂದೆ.’”

ಕೆಂಡಣ್ಣ ಮುಚ್ಚಳವನ್ನು ಅವಳ ಕೈಯಿಂದ ಕಿತ್ತುಕೊಂಡು ತಾನೇ ಇನ್ನೊಮ್ಮೆ ಓದಿದ.

ಹದಿನೆಂಟು ವರ್ಷದ ಹಿಂದಿನ ಮಾತು. ಆಗ ಅವನೂ ಅವನ ಜೋಡಿದಾರನೂ ಯಾವಾಗಲೂ ಎರಡು ಬೋಟುಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ಮೀನು ಹಿಡಿಯುತ್ತಿದ್ದರು. ಯಾರಿಗೆ ಮೀನು ಕಂಡರೂ ಇನ್ನೊಬ್ಬನಿಗೆ ರೇಡಿಯೊದಲ್ಲಿ ಹೇಳುವುದು, ಪವರ್ ಕಡಿಮೆ ಮಾಡುವ ಗುಂಡಿ ಒತ್ತಿಕೊಂಡು, ಬೇರೆಯವರ ಕಿವಿಗೆ ಬೀಳದ ಹಾಗೆ. ಆದರೆ ಚಾನೆಲ್ ಬದಲಿಸಿದರೆ ಸಾಕು, ಆ ಸೆಟ್ಟು ತಾನಾಗಿ ಪೂರ್ತಿ ಪವರಿಗೆ ಮರಳುತ್ತಿತ್ತು. ಒಂದು ಬೆಳಿಗ್ಗೆ ಕೆಂಡಣ್ಣ ಗುಂಡಿ ಒತ್ತಲು ಮರೆತು, ಸಿಕ್ಕಾಪಟ್ಟೆ ಮೀನು ಸಿಕ್ಕ ಖುಷಿಯಲ್ಲಿ ಜಾಗದ ಗುರುತನ್ನೆಲ್ಲ ಇಡೀ ಸಮುದ್ರಕ್ಕೆ ಸಾರಿಬಿಟ್ಟ. ಮರುದಿನ ಅಲ್ಲಿ ಮೂವತ್ತೆರಡು ಬೋಟುಗಳಿದ್ದವು. ಎರಡು ದಿನ ಅವನು ಸಿಟ್ಟಿಗೆ ಊಟ ಮಾಡಲಿಲ್ಲ. ಮೂರನೆಯ ದಿನ ಸೆಟ್ಟನ್ನು ಕಿತ್ತುಕೊಂಡು ಇದೇ ಕೋಣೆಗೆ ಬಂದು, “ನನ್ನ ಮಾತು ಜೋಡಿದಾರನ ಬೋಟು ಬಿಟ್ಟು ಆಚೆ ಹೋಗ್ಬಾರ್ದು, ಹಾಗೆ ಕಟ್ಟಿಬಿಡು!” ಎಂದು ಇದೇ ಮೇಜನ್ನು ಗುದ್ದಿದ್ದ.

ಅವಳ ಅಪ್ಪ ಹೇಳಿದ್ದ: ಕಷ್ಟಕಾಲದಲ್ಲೂ ಆಚೆ ಹೋಗಲ್ಲ, ಯಜಮಾನ್ರೇ. ಕೆಂಡಣ್ಣ ಅಂದಿದ್ದ: ಕಷ್ಟಕಾಲಕ್ಕೆ ಜೋಡಿದಾರ ಇದ್ದಾನೆ, ದಡಕ್ಕೆ ಅವನೇ ಹೇಳ್ತಾನೆ. ಹದಿನೈದು ವರ್ಷ ಅದು ಹಾಗೇ ನಡೆಯಿತು. ಎಷ್ಟು ಸಲೀಸಾಗಿ ನಡೆಯಿತೆಂದರೆ ವೈರು ಇರುವುದೇ ಕೆಂಡಣ್ಣನಿಗೆ ಮರೆತುಹೋಯಿತು. ಮೂರು ವರ್ಷದ ಹಿಂದೆ ಜೋಡಿದಾರ ಬೋಟು ಮಾರಿಬಿಟ್ಟ. ಸ್ವಲ್ಪ ಕಾಲಕ್ಕೆ ಕೆಂಡಣ್ಣನ ಮೊಣಕಾಲು ಹೋಯಿತು. ಸೆಟ್ಟು ಅಳಿಯನ ಕೈಗೆ ಬಂತು. ದಡದ ಹತ್ತಿರ ಹತ್ತಾರು ಬೋಟುಗಳ ನಡುವೆ ಹಿಡಿಯುವಷ್ಟು ಕಾಲ ತೊಂದರೆ ಕಾಣಲಿಲ್ಲ.

“ನಿಮ್ಮಪ್ಪ ನನಗೆ ಸರಿಯಾಗಿ ಹೇಳ್ಬೇಕಿತ್ತು!” ಕೆಂಡಣ್ಣನ ದನಿ ಕಿಟಕಿಯ ಗಾಜು ಅದುರಿಸಿತು. “ಕೇಳಿದ ಕೂಡ್ಲೇ ಕಟ್ಟಿಕೊಡೋದಾ? ನನ್ನ ಕೆನ್ನೆಗೆ ಬಾರಿಸ್ಬೇಕಿತ್ತು!”

“‘ಬೇಡವೆಂದೆ’ ಅಂತ ಬರೆದಿದ್ದಾರಲ್ಲ. ಇನ್ನೆಷ್ಟು ಸರಿಯಾಗಿ ಹೇಳ್ಬೇಕಿತ್ತು?” ಅವಳಿಗೂ ಸಿಟ್ಟು ಬಂದಿತ್ತು. “ಸತ್ತವರ ಮೇಲೆ ಹರಿಹಾಯ್ಬೇಡಿ. ಕಟ್ಟಿದ್ದು ಅವ್ರ ತಪ್ಪೇ, ಅದಕ್ಕೇ ಬರೆದಿಟ್ಟಿದ್ದಾರೆ. ಕಟ್ಟು ಅಂದಿದ್ದು ಯಾರು?”

ಅವಳು ಸಣ್ಣ ಕತ್ತರಿಯಿಂದ ವೈರನ್ನು ಎರಡೂ ಕಡೆ ಕತ್ತರಿಸಿದಳು. ಮೈಕಿನ ಗುಂಡಿ ಒತ್ತಿದಳು. ಮುಳ್ಳು ಒಂದೇ ನೆಗೆತಕ್ಕೆ ಆಚೆ ತುದಿ ಮುಟ್ಟಿತು. ಒಂದು ನಿಮಿಷದ ಕೆಲಸವೂ ಅಲ್ಲ.

“ರಿಪೇರಿ ಆಯ್ತಾ?” ಕೆಂಡಣ್ಣ ಕೇಳಿದ.

“ಕೆಟ್ಟಿದ್ರೆ ತಾನೆ ರಿಪೇರಿ.” ಅವಳು ಹಸಿರು ಚೂರನ್ನು ಅವನ ಅಂಗೈಗೆ ಹಾಕಿದಳು. “ನಿಮ್ದು ಐದನೆಯದಂತೆ. ಹಾಗಾದ್ರೆ ಇನ್ನೂ ನಾಲ್ಕು ಇವೆ. ಯಾರ ಬೋಟಲ್ಲಿ ಅಂತ ನಮ್ಮಪ್ಪ ಎಲ್ಲೂ ಬರೆದಿಲ್ಲ. ನಿಮ್ಮ ಕಾಲದ ಯಜಮಾನ್ರುಗಳೇ ಇರ್ಬೇಕು, ಬಾಯಿ ಬಿಡೋ ಪೈಕಿ ಅಲ್ಲ.”

ಮನೆಯ ಕಡೆ ನಡೆಯುವಾಗ ಕೆಂಡಣ್ಣ ಸುಳ್ಳನ್ನು ಸಿದ್ಧ ಮಾಡಿಕೊಂಡ. ‘ಒಳಗೆ ಒಂದು ಬೆಸುಗೆ ಬಿಟ್ಟುಹೋಗಿತ್ತು, ಈಗ ಸರಿಯಾಯ್ತು.’ ಎಷ್ಟು ಚೊಕ್ಕವಾದ ಮಾತು! ಯಾಕೆ ಕೆಟ್ಟಿತ್ತು ಎಂದು ಮಗಳು ಕೇಳಿದ್ದಕ್ಕೆ ಉತ್ತರವೂ ಆಯಿತು, ಸಣ್ಣ ರಿಪೇರಿ ಸಾಕು ಎಂದು ತಾನು ಹೇಳಿದ್ದೇ ನಿಜವೂ ಆಯಿತು. ರೇಡಿಯೊ ಅಕ್ಕ ಊರೆಲ್ಲ ಡಂಗುರ ಹೊಡೆಯುವವಳಲ್ಲ. ನಾಲ್ಕು ಸಲ ಬಾಯಲ್ಲಿ ಆಡಿಕೊಂಡ, ನಾಲ್ಕು ಸಲವೂ ಸರಾಗವಾಗಿ ಬಂತು.

ಮನೆಯ ಹಿಂದಿನ ಬಾಗಿಲಿಗೆ ಬಂದಾಗ ಸ್ನಾನದ ಕೋಣೆಯಿಂದ ಕೂಗು ಕೇಳಿಸಿತು.

“ಬೋಟಿನ ಇಂಜಿನ್ ನಿಂತಿದೆ! ಬಂಡೆ ಕಡೆ ಹೋಗ್ತಿದ್ದೀವಿ! ಕೇಳಿಸ್ತಾ ಇದ್ಯಾ?”

ಅಳಿಯನ ದನಿ. ಕೆಂಡಣ್ಣ ಗಾಬರಿಯಾಗಿ ಬಾಗಿಲ ಸಂದಿಯಿಂದ ನೋಡಿದ. ಒಳಗೆ ಅಳಿಯ ಗೋಡೆಗೆ ಮುಖ ಮಾಡಿ ನಿಂತಿದ್ದ, ಕೈಯಲ್ಲಿ ನೀರಿನ ಮಗ್ಗನ್ನು ಮೈಕಿನ ಹಾಗೆ ಹಿಡಿದುಕೊಂಡಿದ್ದ. ಕತ್ತಿನ ನರ ಉಬ್ಬಿತ್ತು. ಕೆಂಡಣ್ಣನ ಹಾಗೆ ಗುಡುಗಲು ಹೋಗಿ ದನಿ ನಡುವೆ ಸೀಳಿತು. ಕೆಮ್ಮಿದ. “ಸಾಲದು. ಇನ್ನೂ ಜೋರು,” ಎಂದು ತನಗೆ ತಾನೇ ಹೇಳಿಕೊಂಡ. ಮತ್ತೆ ಮಗ್ಗು ಎತ್ತಿದ. “ಬೋಟಿನ ಇಂಜಿನ್ ನಿಂತಿದೆ!”

“ನಿಲ್ಸೋ!” ಕೆಂಡಣ್ಣ ಅರಚಿದ.

ಮಗ್ಗು ಕೆಳಗೆ ಬಿತ್ತು.

ಚೊಕ್ಕವಾದ ಸುಳ್ಳು ಎಲ್ಲಿ ಹೋಯಿತೋ ಏನೋ. ಕೆಂಡಣ್ಣ ಅಳಿಯನ ರಟ್ಟೆ ಹಿಡಿದು ಎಳೆದುಕೊಂಡು ಊಟದ ಮೇಜಿನ ಬಳಿ ಬಂದ. ಹಸಿರು ವೈರನ್ನು ಮೇಜಿನ ಮೇಲೆ ಕುಕ್ಕಿದ. ಮಗಳು ಅಡುಗೆಮನೆಯಿಂದ ಬಂದಳು. ಅವನು ಎಲ್ಲವನ್ನೂ ಹೇಳಿದ. ಹೇಳಿದ ಎನ್ನುವುದಕ್ಕಿಂತ ಕೂಗಿದ ಎನ್ನಬೇಕು. ಮೂವತ್ತೆರಡು ಬೋಟಿನಿಂದ ಹಿಡಿದು ಪೆನ್ಸಿಲ್ ಬರಹದವರೆಗೆ ಬೇರೆ ಯಾರನ್ನೋ ನಿಲ್ಲಿಸಿಕೊಂಡು ಬೈಯುವವನ ಹಾಗೆ ಕೂಗಿದ. “ಮೀನಿನ ಗುಟ್ಟಿಗೆ ಕಟ್ಟಿಸಿದ್ದು ನಾನೇ! ಮರೆತವನೂ ನಾನೇ! ಇವನ ದನಿಗೆ ಏನೂ ಆಗಿರ್ಲಿಲ್ಲ!” ಎಂದು ನಿಲ್ಲಿಸಿದ.

ಮಗಳು ವೈರನ್ನು ಎತ್ತಿ ನೋಡಿದಳು. “ಇಷ್ಟೇನಾ?” ಎಂದಳು. ಅವನು ಬೈಗುಳಕ್ಕೆ ತಯಾರಾಗಿದ್ದ. ಕೂಗಾಟವಾದರೆ ಅವನಿಗೆ ಗೊತ್ತಿದ್ದ ಜಾಗ. ಅವಳು ಮೊದಲು ಮೆಲ್ಲಗೆ ಮಾತಾಡಿದ್ದೇ ಅವನಿಗೆ ಕಷ್ಟವಾಯಿತು.

“ನಾಲ್ಕು ಗಂಟೆ ಅಲ್ಲಿ ಕೂತು ಕರೆದೆ ಅಪ್ಪ. ಕೊನೆಗೆ ಏನೇನು ಹೇಳಿದೆ ಅಂತ ನನಗೇ ನೆನಪಿಲ್ಲ. ಇನ್ನು ಜಗಳ ಆಡಲ್ಲ, ಬನ್ನಿ ಅಂದೆ. ಅತ್ತುಬಿಟ್ಟೆ. ಅದೆಲ್ಲ ಇವರಿಗೆ ಕೇಳಿಸ್ತಿತ್ತು. ‘ಇಲ್ಲೇ ಇದ್ದೀನಿ ಕಣೇ, ಬದುಕಿದ್ದೀನಿ’ ಅಂತ ಇವರು ಪ್ರತಿ ಸಲ ಹೇಳ್ತಿದ್ರಂತೆ.” ಆಮೇಲೆ ಅವಳ ದನಿ ಏರಿತು. ಏರಿದ ಮೇಲೆ ಅದು ಯಾರ ಮಗಳ ದನಿಯೆಂದು ಬೀದಿಗೇ ಗೊತ್ತಾಯಿತು. “ಸಾವಿನ ಬಾಯಿಂದ ತಪ್ಪಿಸ್ಕೊಂಡು ಬಂದವ್ರಿಗೆ, ದನಿ ಸಾಲದು ಅಂದ್ಯಲ್ಲ! ಮೂರು ದಿನದಿಂದ ಬಾತ್‌ರೂಮಲ್ಲಿ ನಿಂತು ಕೂಗೋದು ಕಲೀತಿದ್ದಾರೆ! ನಾನು ಬೇಡ ಅಂದ್ರೆ, ಮಾವ ಸುಮ್ನೆ ಹೇಳಲ್ಲ ಅಂತಾರೆ!”

ಅಳಿಯ ನೆಲ ನೋಡುತ್ತಿದ್ದ. ಕೆಂಡಣ್ಣನಿಗೆ ತನ್ನ ಮೇಲೆ ಬಂದಷ್ಟು ಕೋಪ ಗಾಳಿಯ ಮೇಲೂ, ಮಂಜುಗಡ್ಡೆಯ ಮೇಲೂ, ಆ ಮೂವತ್ತೆರಡು ಬೋಟುಗಳ ಮೇಲೂ ಎಂದೂ ಬಂದಿರಲಿಲ್ಲ. ಬೇರೆಯವರ ಮೇಲೆ ಬಂದ ಕೋಪವನ್ನು ಕೂಗಿ ಕಳೆದುಕೊಳ್ಳಬಹುದು. ಇದನ್ನು ಏನು ಮಾಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ.

“ನೀನೇ ಗೆದ್ದೆ ಅಪ್ಪ,” ಎಂದಳು ಮಗಳು. “ಹೊಸದು ಬೇಡ. ಸೆಟ್ಟಿಗೆ ಏನೂ ಆಗಿರ್ಲಿಲ್ಲ. ಅದನ್ನೇ ಹಾಕು.”

ಜೀವಮಾನದಲ್ಲಿ ಅವನು ಗೆದ್ದ ವಾದಗಳಲ್ಲಿ ಅಷ್ಟು ಕೆಟ್ಟದಾಗಿ ಗೆದ್ದದ್ದು ಇನ್ನೊಂದಿರಲಿಲ್ಲ.

“ಇನ್ನೂ ನಾಲ್ಕಿವೆಯಂತೆ,” ಎಂದ ಅವನು. “ಇಂಥದ್ದೇ. ಯಾರ್ಯಾರದ್ದು ಅಂತ ಗೊತ್ತಿಲ್ಲ.”

ಮಗಳು ಅವನನ್ನೇ ದಿಟ್ಟಿಸಿದಳು. “ಮತ್ತೆ ಇಲ್ಲಿ ಯಾಕೆ ನಿಂತಿದ್ದೀಯ?”

ಸಂಘದ ಕಚೇರಿಯಲ್ಲಿ ಗುಮಾಸ್ತ ಚಹಾ ಕುಡಿಯುತ್ತಿದ್ದ. ಕೆಂಡಣ್ಣ ಬಂದ ರಭಸಕ್ಕೆ ಎದ್ದು ಕುರ್ಚಿ ಬಿಟ್ಟುಕೊಟ್ಟ. ಹಿಂದೆಯೇ ಮಗಳು ಬಂದು, ಸಮುದ್ರದಲ್ಲಿರುವ ಬೋಟುಗಳ ಹೆಸರು ಬರೆದ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಳು. ಹೊರಗೆ ಇಪ್ಪತ್ತೊಂಬತ್ತು ಬೋಟುಗಳಿದ್ದವು. ಕೆಂಡಣ್ಣ ಮೈಕು ಎತ್ತಿದ.

“ಎಲ್ಲಾ ಬೋಟುಗಳಿಗೂ. ಕೆಂಡಣ್ಣ ಮಾತಾಡ್ತಿದ್ದೀನಿ.” ಆ ಹೆಸರನ್ನು ಅವನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಗುಮಾಸ್ತನಿಗೆ ಚಹಾ ನೆತ್ತಿಗೇರಿತು. “ಮೊನ್ನೆ ನನ್ನ ಅಳಿಯ ಸಾಯ್ತಿದ್ದ. ನನ್ನಿಂದ. ಹದಿನೆಂಟು ವರ್ಷದ ಹಿಂದೆ, ಮೀನಿನ ಜಾಗ ನಿಮಗೆ ಗೊತ್ತಾಗ್ಬಾರ್ದು ಅಂತ ನನ್ನ ಸೆಟ್ಟಿನ ಪವರ್ ಕಟ್ಟಿಸಿದ್ದೆ. ನಿಮ್ಮಲ್ಲೂ ನಾಲ್ಕು ಜನ ಕಟ್ಟಿಸಿದ್ದೀರಿ. ಯಾರು ಅಂತ ನಿಮಗೆ ಗೊತ್ತು. ಅಪ್ಪ ಕಟ್ಟಿಸಿದ್ದು ಮಗನಿಗೆ ಗೊತ್ತಿರಲ್ಲ, ಮಾರಿದವನು ಕೊಂಡವನಿಗೆ ಹೇಳಿರಲ್ಲ. ದಡಕ್ಕೆ ಬಂದ ಕೂಡ್ಲೇ ಮುಚ್ಚಳ ಬಿಚ್ಚಿಸಿ. ಕೇಳಿಸಿದವ್ರೆಲ್ಲ ಉತ್ತರ ಕೊಡಿ.”

ಗರಗರದ ನಡುವೆ ಯಾರೋ ನಕ್ಕರು. “ಯಜಮಾನ್ರೇ, ಹಾಗಾದ್ರೆ ಅಷ್ಟು ವರ್ಷ ನಿಮಗೆ ಮೀನು ಸಿಗ್ತಿದ್ದ ಜಾಗ ಎಲ್ಲಿ?”

“ಬಂಡೆ ಸಾಲಿನ ಹಿಂದೆ, ಹಳೇ ಹಡಗು ಮುಳುಗಿದೆಯಲ್ಲ, ಅದರ ಉತ್ತರಕ್ಕೆ! ಹೋಗಿ, ಬಾಚ್ಕೊಳ್ಳಿ! ಈಗ ಹಲ್ಲು ಕಿಸಿಯೋದು ಬಿಟ್ಟು ಬೋಟಿನ ಹೆಸರು ಹೇಳಿ!”

ಹೆಸರುಗಳು ಒಂದೊಂದಾಗಿ ಬಂದವು. ಮಗಳು ಒಂದೊಂದಕ್ಕೂ ಗೀಟು ಹಾಕಿದಳು. ಇಪ್ಪತ್ಮೂರು ಬಂದವು. ಆರು ಉಳಿದವು. ಕೆಂಡಣ್ಣ ಆ ಆರನ್ನೂ ಹೆಸರು ಹಿಡಿದು ಕರೆದ, ಮತ್ತೆ ಕರೆದ. ಗರಗರ ಬಿಟ್ಟು ಏನೂ ಇಲ್ಲ. ಸೆಟ್ಟು ಆರಿಸಿ ಮಲಗಿರಬಹುದು. ಇಲ್ಲವೇ ಅವರಿಗೆ ಎಲ್ಲ ಕೇಳಿಸಿರಬಹುದು, ಈಗಲೇ ಉತ್ತರ ಕೊಡುತ್ತಲೂ ಇರಬಹುದು. ಅವನು ಮೈಕನ್ನು ಬಿಗಿಯಾಗಿ ಹಿಡಿದು ಆ ಖಾಲಿ ಗರಗರವನ್ನೇ ಕೇಳುತ್ತ ಕೂತ. ಮಗಳು ನಾಲ್ಕು ಗಂಟೆ ಕೂತಿದ್ದದ್ದು ಇದೇ ಕುರ್ಚಿ ಎಂದು ಆಗ ಹೊಳೆಯಿತು.

ಮರುದಿನದಿಂದ ಕೆಂಡಣ್ಣ ತಿರುಪುಳಿ ಹಿಡಿದು ಜೆಟ್ಟಿಯಲ್ಲಿ ನಿಂತ. ಬೋಟು ಕಟ್ಟೆಗೆ ತಾಗುವ ಮೊದಲೇ “ಮುಚ್ಚಳ ಬಿಚ್ಚು!” ಎಂದು ಗದರುತ್ತಿದ್ದ. ಒಬ್ಬ ಹಳೇ ಯಜಮಾನ ಯಾರ ಮುಖವನ್ನೂ ನೋಡದೆ ಸೆಟ್ಟನ್ನು ಚೀಲದಲ್ಲಿ ತುಂಬಿಕೊಂಡು ತಾನಾಗಿ ಓಣಿಗೆ ಹೋದ. ಇನ್ನೊಬ್ಬ, “ಊರಿನ ಗುಟ್ಟೆಲ್ಲ ಸಮುದ್ರಕ್ಕೆ ಸಾರೋಕೆ ನೀನ್ಯಾರೋ?” ಎಂದು ಕೊರಳಪಟ್ಟಿಗೆ ಕೈ ಹಾಕಿದ. ಕೆಂಡಣ್ಣ ಕೊರಳಪಟ್ಟಿ ಬಿಡಿಸಿಕೊಳ್ಳಲಿಲ್ಲ. ಹಾಗೇ ನಿಂತು, “ಹೊಡಿ. ಹೊಡೆದ್ಮೇಲೆ ಬಿಚ್ಚು,” ಎಂದ. ಬಿಚ್ಚಿದಾಗ ಒಳಗೆ ಹಸಿರು ಕೊಳವೆ ಇತ್ತು, ಮುಚ್ಚಳದಲ್ಲಿ ‘ಬೇಡವೆಂದೆ’ ಎಂದು ಬರೆದಿತ್ತು. ವಾರದೊಳಗೆ ಮೂರು ಸಿಕ್ಕವು. ನಾಲ್ಕನೆಯದು ಇನ್ನೂ ಸಿಕ್ಕಿಲ್ಲ, ಅವನ ಹುಡುಕಾಟ ನಿಂತಿಲ್ಲ.

ಅಳಿಯ ಮತ್ತೆ ಸಮುದ್ರಕ್ಕೆ ಹೊರಟದ್ದು ಆ ವಾರದ ಕೊನೆಗೆ, ಹಳೆಯ ಸೆಟ್ಟನ್ನೇ ಹಾಕಿಕೊಂಡು. ದೂರ ಹೋದ ಮೇಲೆ ಕರೆಯಬೇಕು, ಉತ್ತರ ಬಂದರೆ ಮಾತ್ರ ಬಲೆ ಬಿಡಬೇಕು, ಇಲ್ಲವಾದರೆ ತಿರುಗಿ ಬರಬೇಕು ಎಂದು ಮಗಳು ಷರತ್ತು ಹಾಕಿದ್ದಳು. ಬೆಳಿಗ್ಗೆ ಎಂಟಕ್ಕೇ ಅಪ್ಪ ಮಗಳು ಕಚೇರಿಯ ರೇಡಿಯೊದ ಮುಂದೆ ಕೂತರು. ಮಗಳ ಕೋಪ ಇನ್ನೂ ಇಳಿದಿರಲಿಲ್ಲ. ಒಂಬತ್ತೂವರೆಗೆ ಗರಗರದ ನಡುವಿನಿಂದ ಗಂಟಲು ಹರಿಯುವಂಥ ಕೂಗು ಬಂತು.

“ಮಾವಾ! ಹನ್ನೆರಡು ಮೈಲಿ ದಾಟಿದ್ದೀವಿ! ಕೇಳಿಸ್ತಾ ಇದ್ಯಾ?”

ಮಗಳು ಕಣ್ಣು ಮುಚ್ಚಿಕೊಂಡಳು. ಕೆಂಡಣ್ಣ ಮೈಕಿನ ಗುಂಡಿ ಒತ್ತಿದ. ಏನು ಹೇಳಬೇಕೆಂದು ವಾರವಿಡೀ ಯೋಚಿಸಿದ್ದ, ಅದೊಂದೂ ನೆನಪಿಗೆ ಬರಲಿಲ್ಲ.

“ಕೇಳಿಸ್ತಾ ಇದೆ,” ಎಂದ. “ಕೂಗ್ಬೇಡಪ್ಪ.”

ಆ ಕಡೆಯಿಂದ ಅಳಿಯನ ಎಂದಿನ ಮೆತ್ತಗಿನ ದನಿ ಬಂತು, ಮನೆಯ ಬಾಗಿಲಲ್ಲಿ ನಿಂತು ಆಡಿದ ಹಾಗೆ. “ಈಗ?”

“ಈಗ್ಲೂ ಕೇಳಿಸ್ತಾ ಇದೆ,” ಎಂದು ಹೇಳಿ, ಕೆಂಡಣ್ಣ ಮೈಕನ್ನು ಮಗಳ ಕೈಗೆ ಕೊಟ್ಟ.